ಚಳಿಗಾಲಕ್ಕೆ ಮುಂಚೆ ಮೇಲಂಗಿ: ಬಹುಕಾಲದ ಕಾಯಿಲೆಯಲ್ಲಿ ಇರುವವರಿಗೆ ಕ್ರಿಸ್‌ಮಸ್ ಗಿಫ್ಟ್

ಯೂತ್ ಮೀಟಿಂಗ್ ಸಂದೇಶ. ವಾಕ್ಯಭಾಗ: 2 ತಿಮೊಥೆಯ 4:9-21

ಕೂತ್ಕೊಳ್ಳಿ. ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಜಾಗ ಇದೆ.

ಹೋದ ವಾರ ಕ್ರಿಸ್‌ಮಸ್ ಫ್ರೆಂಡ್ ಚೀಟಿ ಎತ್ತಿದ್ದೀರಿ. ಯಾರ ಹೆಸರು ಬಂತು ಅಂತ ಯಾರಿಗೂ ಹೇಳಬಾರದು ಅಂತ ನಿಯಮ. ಅರ್ಧ ಜನ ಆಗಲೇ ಹೇಳ್ಕೊಂಡಾಗಿದೆ, ನನಗೆ ಗೊತ್ತು. ಅವತ್ತು ಮೀಟಿಂಗ್ ಮುಗಿದ ಮೇಲೆ ಒಬ್ಬರು ಚೀಟಿಯನ್ನು ಮುಷ್ಟಿಯಲ್ಲಿ ಮಡಚಿ ಹಿಡ್ಕೊಂಡು ನನ್ನ ಹತ್ತಿರ ಬಂದರು. "ಪಾಸ್ಟರ್, ಇದರಲ್ಲಿ ಇರೋರಿಗೆ ತುಂಬಾ ವರ್ಷದಿಂದ ಹುಷಾರಿಲ್ಲ. ಅವರಿಗೆ ಏನು ಕೊಡಬೇಕು ಅಂತಾನೇ ಗೊತ್ತಾಗ್ತಿಲ್ಲ. ಚೀಟಿ ಬದಲಾಯಿಸ್ಕೋಬಹುದಾ?" ಅಂತ ಕೇಳಿದರು.

ಬದಲಾಯಿಸಬೇಡಿ ಅಂದೆ. ಆದರೆ ಏನು ಕೊಡಬೇಕು ಅನ್ನೋ ಪ್ರಶ್ನೆಗೆ ನಿಂತಲ್ಲೇ ಉತ್ತರ ಹೇಳೋದಕ್ಕೆ ನನಗೂ ಆಗಲಿಲ್ಲ. ವಾರವೆಲ್ಲಾ ಅದೇ ತಲೆಯಲ್ಲಿ ಇತ್ತು. ನಮ್ಮ ಸಭೆಯಲ್ಲಿ ಅಂಥವರು ಒಬ್ಬರಲ್ಲ, ನನಗೆ ಗೊತ್ತಿರುವವರೇ ಹತ್ತು ಜನಕ್ಕಿಂತ ಹೆಚ್ಚು ಇದ್ದಾರೆ. ಕೆಲವರು ನಿಮ್ಮ ವಯಸ್ಸಿನವರೇ. ನೋಡಿದರೆ ಗೊತ್ತಾಗೋದಿಲ್ಲ. ಹಾಗಾಗಿ ಇವತ್ತು ಕುರುಬರು, ಜ್ಯೋತಿಷ್ಯರು, ಗೋದಲಿ ಯಾವುದೂ ಇಲ್ಲ. ಇವತ್ತು ಜೈಲಿಗೆ ಹೋಗೋಣ. ತಿಮೊಥೆಯನಿಗೆ ಬರೆದ ಎರಡನೇ ಪತ್ರಿಕೆ, ನಾಲ್ಕನೇ ಅಧ್ಯಾಯ, ಒಂಬತ್ತನೇ ವಚನದಿಂದ ತೆಗೆದುಕೊಳ್ಳಿ. ಮೊಬೈಲ್‌ನಲ್ಲಿ ತೆಗೆಯೋರು ನೋಟಿಫಿಕೇಶನ್ ಆಫ್ ಮಾಡಿ.

ಪೌಲನು ರೋಮಾಪುರದ ಸೆರೆಮನೆಯಲ್ಲಿದ್ದಾನೆ. ತನ್ನ ಓಟ ಮುಗಿಯಿತು ಅಂತ ಅವನಿಗೆ ಗೊತ್ತು, ಏಳನೇ ವಚನದಲ್ಲಿ ಅದನ್ನೇ ಬರೆದಿದ್ದಾನೆ. ನಾವು ಆ ವಚನವನ್ನು ಅಂತ್ಯಕ್ರಿಯೆಗಳಲ್ಲಿ ಓದುತ್ತೇವೆ, ಗೋಡೆಗೆ ಹಾಕ್ತೇವೆ. ಅಲ್ಲಿಂದ ಆರು ವಚನ ಕೆಳಗೆ ಬನ್ನಿ, 13ನೇ ವಚನ. ಇದನ್ನು ಯಾರೂ ಗೋಡೆಗೆ ಹಾಕಲ್ಲ. ಅಲ್ಲಿ ಇಂಥ ದೊಡ್ಡ ಅಪೊಸ್ತಲ ಏನು ಕೇಳ್ತಾನೆ? ತ್ರೋವದಲ್ಲಿ ಕರ್ಪ ಎಂಬವನ ಹತ್ತಿರ ನನ್ನ ಮೇಲಂಗಿ ಬಿಟ್ಟು ಬಂದಿದ್ದೀನಿ, ನೀನು ಬರುವಾಗ ಅದನ್ನು ತೆಗೆದುಕೊಂಡು ಬಾ, ಪುಸ್ತಕಗಳನ್ನೂ ತಾ, ಚರ್ಮದ ಕಾಗದಗಳನ್ನಂತೂ ಮರೀಬೇಡ ಅಂತ. ಇನ್ನೂ ಕೆಳಗೆ, 21ನೇ ವಚನದಲ್ಲಿ, ಚಳಿಗಾಲಕ್ಕೆ ಮುಂಚೆ ಬರೋದಕ್ಕೆ ನೋಡು ಅಂತ ಸೇರಿಸ್ತಾನೆ.

ಮೇಲಂಗಿ ಅಂದರೆ ಫ್ಯಾಷನ್ ಜಾಕೆಟ್ ಅಲ್ಲ. ಮೂಲ ಗ್ರೀಕ್‌ನಲ್ಲಿರುವ ಪದ ತೋಳಿಲ್ಲದ, ತಲೆ ತೂರಿಸಿ ಹಾಕಿಕೊಳ್ಳುವ ದಪ್ಪ ಹೊದಿಕೆಗೆ ಹೇಳುವಂಥದ್ದು. ನಮ್ಮ ಕುರಿಗಾಹಿಗಳು ಕಂಬಳಿಯನ್ನು ಕೊಪ್ಪೆ ಮಾಡಿ ಹಾಕ್ಕೊಳ್ತಾರಲ್ಲ, ಸುಮಾರು ಹಾಗೆ ಅಂದ್ಕೊಳ್ಳಿ. ಪ್ರಿಯರೇ, ಸತ್ಯವೇದದ ಒಳಗೆ ಒಬ್ಬ ಮನುಷ್ಯನ ಚಳಿಗೆ ಜಾಗ ಇದೆ. ಪವಿತ್ರಾತ್ಮನು ಆ ವಚನವನ್ನು ಬಿಟ್ಟುಬಿಡಲಿಲ್ಲ, ಉಳಿಸಿಟ್ಟಿದ್ದಾನೆ.

ಈಗ ನನ್ನ ವಿಷಯ ಒಂದು ಹೇಳಬೇಕು. ಆ ಅಕ್ಕನ ಅನುಮತಿ ಕೇಳಿಯೇ ಹೇಳ್ತಿದ್ದೀನಿ.

ಕೆಲವು ವರ್ಷಗಳ ಹಿಂದೆ ನಮ್ಮ ಸಭೆಯ ಒಬ್ಬ ಅಕ್ಕನಿಗೆ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಶುರುವಾಯಿತು. ಡಿಸೆಂಬರ್ ತಿಂಗಳು. ಆಗಿನ ಯೂತ್ ಗುಂಪಿನವರು ದುಡ್ಡು ಕೂಡಿಸಿ ಅವರಿಗೆ ಒಂದು ಒಳ್ಳೆ ಕಂಬಳಿ, ಒಂದು ಸ್ವೆಟರ್ ತಗೊಳ್ಳೋಣ ಅಂತ ನಿರ್ಧಾರ ಮಾಡಿ, ನನ್ನ ಹತ್ತಿರ ಕೇಳೋಕೆ ಬಂದರು. ನಾನು ಬೇಡ ಅಂದೆ. ನಾನು ಏನು ಹೇಳಿದೆ ಅಂತ ನನಗೆ ಚೆನ್ನಾಗಿ ನೆನಪಿದೆ. "ನಾವು ಸ್ವಸ್ಥತೆಗೆ ಉಪವಾಸ ಪ್ರಾರ್ಥನೆ ಮಾಡ್ತಾ ಇದ್ದೀವಿ, ನೀವು ಡಯಾಲಿಸಿಸ್‌ಗೆ ಕಂಬಳಿ ಕೊಡ್ತೀರಾ? ಅದು ಕಾಯಿಲೆಗೆ ಸೀಟ್ ರಿಸರ್ವ್ ಮಾಡಿದ ಹಾಗೆ." ಎಲ್ಲರೂ ಆಮೆನ್ ಅಂದರು. ಕೊನೆಗೆ ಏನು ಕೊಟ್ಟೆವು? ಯೆಶಾಯ 53ರ ವಾಕ್ಯ ಬರೆದ ದೊಡ್ಡ ಫ್ರೇಮ್ ಒಂದು, ಹಣ್ಣಿನ ಬುಟ್ಟಿ ಒಂದು. ಬುಟ್ಟಿಯಲ್ಲಿ ಬಾಳೆಹಣ್ಣು, ಕಿತ್ತಳೆ, ಖರ್ಜೂರ, ಡ್ರೈ ಫ್ರೂಟ್ಸ್. ಜೊತೆಗೆ ನಾಲ್ಕು ಎಳನೀರು.

ಇಲ್ಲಿ ನರ್ಸಿಂಗ್ ಓದೋರು ಕೆಲವರು ಇದ್ದೀರಿ. ನಿಮ್ಮ ಮುಖ ನೋಡಿದರೇ ಗೊತ್ತಾಗ್ತಿದೆ, ನಾವು ಏನು ತಪ್ಪು ಮಾಡಿದೆವು ಅಂತ. ಕಿಡ್ನಿ ಕೆಲಸ ಮಾಡದಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿಯುತ್ತೆ, ಅದು ಹೆಚ್ಚಾದರೆ ಹೃದಯದ ಬಡಿತವೇ ನಿಲ್ಲಬಹುದು. ಆ ಬುಟ್ಟಿಯಲ್ಲಿ ಇದ್ದದ್ದೆಲ್ಲಾ ಪೊಟ್ಯಾಸಿಯಂ ತುಂಬಿರುವ ಪದಾರ್ಥಗಳೇ. ಎಳನೀರಂತೂ ಎರಡು ಪಟ್ಟು ತೊಂದರೆ, ಯಾಕಂದ್ರೆ ಅವರಿಗೆ ದಿನಕ್ಕೆ ಇಷ್ಟೇ ನೀರು ಅಂತ ಅಳತೆ ಇರುತ್ತೆ. ಹುಷಾರಿಲ್ಲದವರಿಗೆ ಎಳನೀರು ಒಳ್ಳೇದು ಅಂತ ನಾವು ಚಿಕ್ಕಂದಿನಿಂದ ಕೇಳಿದ್ದು, ಅಷ್ಟೇ ನಮ್ಮ ತಿಳುವಳಿಕೆ. ಆ ಅಕ್ಕ ನಗ್ತಾ ತಗೊಂಡರು, ಥ್ಯಾಂಕ್ಸ್ ಹೇಳಿದರು, ನಾವು ಬೀದಿ ದಾಟುವಷ್ಟರಲ್ಲಿ ಪಕ್ಕದ ಮನೆ ಮಕ್ಕಳಿಗೆ ಹಂಚಿಬಿಟ್ಟರು.

ಒಂದು ವರ್ಷ ಆದ ಮೇಲೆ ಒಂದು ದಿನ ಡಯಾಲಿಸಿಸ್ ಹೊತ್ತಿನಲ್ಲೇ ಅವರನ್ನು ನೋಡೋಕೆ ಹೋದೆ. ಅಲ್ಲಿಯವರೆಗೆ ನಾನು ಆ ಕೋಣೆಯ ಒಳಗೆ ಹೋಗಿರಲಿಲ್ಲ, ಇದನ್ನು ಹೇಳೋಕೆ ನನಗೆ ನಾಚಿಕೆಯಾಗುತ್ತೆ. ಎಸಿ ಹಾಕಿರ್ತಾರೆ. ರಕ್ತ ಟ್ಯೂಬಿನಲ್ಲಿ ಹೊರಗೆ ಹೋಗಿ, ಮೆಷಿನ್‌ನಲ್ಲಿ ಸುತ್ತಿ, ಮತ್ತೆ ಮೈಗೆ ಬರುತ್ತೆ. ಸುಮಾರು ನಾಲ್ಕು ಗಂಟೆ ಕಾಲ ಒಂದು ಕೈ ಅಲ್ಲಾಡಿಸದೆ ಮಲಗಿರಬೇಕು. ಅಕ್ಕ ನಡುಗ್ತಾ ಇದ್ದರು. "ಪಾಸ್ಟರ್, ಇಲ್ಲಿ ಎಲ್ಲರಿಗೂ ಹೀಗೇ. ಮೊದಲನೇ ವರ್ಷ ನನಗೆ ಗೊತ್ತಿರಲಿಲ್ಲ, ಸೀರೆ ಸೆರಗು ಹೊದ್ದುಕೊಂಡು ಮಲಗ್ತಿದ್ದೆ. ನೀವು ಕೊಟ್ಟ ವಾಕ್ಯ ನೆನಪು ಮಾಡ್ಕೊಳ್ತಿದ್ದೆ. ಆದ್ರೆ ಒಂದು ಕಂಬಳಿ ಇದ್ದಿದ್ರೆ ಚೆನ್ನಾಗಿರ್ತಿತ್ತು." ಅವರಿಗೆ ನಾನು ಕಂಬಳಿ ತಡೆದ ಕಥೆ ಗೊತ್ತಿರಲಿಲ್ಲ. ಅಲ್ಲೇ ಹೇಳಿ ಕ್ಷಮೆ ಕೇಳಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಯಾಕೋಬನ ಪತ್ರಿಕೆ ಎರಡನೇ ಅಧ್ಯಾಯ, 15 ಮತ್ತು 16ನೇ ವಚನ ಮನೆಗೆ ಹೋಗಿ ಓದಿ. ಬಟ್ಟೆಯಿಲ್ಲದ, ಊಟವಿಲ್ಲದ ಸಹೋದರನಿಗೋ ಸಹೋದರಿಗೋ ಕೈಯಲ್ಲಿ ಏನೂ ಕೊಡದೆ, ಬೆಚ್ಚಗಿರು, ಹೊಟ್ಟೆತುಂಬ ಊಟಮಾಡು ಅಂತ ಬಾಯಿಮಾತು ಹೇಳಿ ಕಳಿಸಿದರೆ ಪ್ರಯೋಜನ ಏನು ಅಂತ ಅಲ್ಲಿ ಕೇಳ್ತಾನೆ. ಆ ಮಾತನ್ನು ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ನಾನು ಆ ಅಕ್ಕನಿಗೆ ಮಾಡಿದ್ದು ಅದೇ. ಬೆಚ್ಚಗಿರು ಅಂತ ಫ್ರೇಮ್ ಹಾಕಿಸಿ ಕೊಟ್ಟೆ.

ಈಗ ನಿಮ್ಮಲ್ಲಿ ಕೆಲವರು ಯೋಚನೆ ಮಾಡ್ತಿರಬಹುದು. ಹಾಗಾದ್ರೆ ಪಾಸ್ಟರ್, ನಿಮಗೆ ಸ್ವಸ್ಥತೆಯಲ್ಲಿ ನಂಬಿಕೆ ಇಲ್ವಾ? ಇದೆ. ಇದೇ ಹಾಲ್‌ನಲ್ಲಿ ಯಾಕೋಬ 5:14ರ ಪ್ರಕಾರ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ತೀವಿ, ಮುಂದೆಯೂ ಮಾಡ್ತೀವಿ. ಆದರೆ ಪೌಲನು ಮೇಲಂಗಿ ಕೇಳಿದ ಅದೇ ಅಧ್ಯಾಯದಲ್ಲಿ 20ನೇ ವಚನ ನೋಡಿ. ತ್ರೊಫಿಮನು ಅಸ್ವಸ್ಥನಾಗಿದ್ದ, ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೆದಿದ್ದಾನೆ. ಈ ತ್ರೊಫಿಮ ಯಾರು? ಅಪೊಸ್ತಲರ ಕೃತ್ಯಗಳು 21:29 ಪ್ರಕಾರ ಎಫೆಸದವನು. ಎಫೆಸದಲ್ಲಿ ಏನು ನಡೆದಿತ್ತು? 19:12, ಪೌಲನ ಮೈಗೆ ತಗುಲಿದ ಕೈವಸ್ತ್ರಗಳನ್ನು ತಂದು ಹಾಕಿದರೆ ರೋಗಗಳು ಬಿಟ್ಟುಹೋಗ್ತಿದ್ದವು! ಅದೇ ಊರಿನ ಮನುಷ್ಯ, ಅದೇ ಪೌಲನ ಜೊತೆ ಊರೂರು ತಿರುಗಿದವನು, ಕಾಯಿಲೆಯಲ್ಲಿ ಮಲಗಿದ್ದಾನೆ. ಪೌಲನು ಅವನ ನಂಬಿಕೆ ಕಡಿಮೆ ಅಂತ ಒಂದು ಅಕ್ಷರ ಬರೀಲಿಲ್ಲ. ಗುಪ್ತ ಪಾಪ ಇರಬೇಕು ಅಂತಲೂ ಬರೀಲಿಲ್ಲ. ಹುಷಾರಿಲ್ಲ, ಬಿಟ್ಟು ಬಂದೆ, ಅಷ್ಟೇ. ತಿಮೊಥೆಯನಿಗೂ ಪದೇಪದೇ ಹೊಟ್ಟೆ ತೊಂದರೆ ಇತ್ತು. ಮೊದಲನೇ ಪತ್ರಿಕೆ 5:23ರಲ್ಲಿ ಪೌಲನು ಅವನಿಗೆ ಕೊಟ್ಟದ್ದು ಆ ಕಾಲದ ಮನೆಮದ್ದಿನ ಸಲಹೆ.

ಪ್ರಾರ್ಥನೆ ನಾಳೆ ಬರಲಿರುವ ಆರೋಗ್ಯಕ್ಕೆ ಮಾಡೋಣ. ಗಿಫ್ಟ್ ಈ ಡಿಸೆಂಬರ್‌ನಲ್ಲಿ ಅವರಿಗೆ ಇರುವ ಮೈಗೆ ಕೊಡೋಣ. ಎರಡಕ್ಕೂ ಜಗಳ ಇಲ್ಲ.

ಹಾಗಾಗಿ ಸ್ವಸ್ಥತೆಯ ಸಾಕ್ಷಿಗಳ ಪುಸ್ತಕ, "ಮುಂದಿನ ಕ್ರಿಸ್‌ಮಸ್‌ಗೆ ಮಾತ್ರೆ ಎಲ್ಲಾ ಬಿಸಾಡಿರ್ತೀರಿ" ಅಂತ ಬರೆದ ಕಾರ್ಡ್, ಯಾರೋ ಹೇಳಿದ ಗಿಡಮೂಲಿಕೆ ಪುಡಿ, ತೂಕ ಇಳಿಸುವ ಡಬ್ಬ, ಇವುಗಳನ್ನು ಗಿಫ್ಟ್ ಪೇಪರ್ ಸುತ್ತಿ ಕೊಡಬೇಡಿ. ನಿಮ್ಮ ಮನಸ್ಸು ಒಳ್ಳೆಯದೇ ಇರಬಹುದು. ತಗೊಳ್ಳುವವರ ಕಿವಿಗೆ ಬೀಳೋದು ಬೇರೆ: ನೀನು ಇನ್ನೂ ಸರಿಯಾಗಿಲ್ಲ, ಇದು ನಿನ್ನ ತಪ್ಪು. ಆ ಪುಡಿಗಳ ವಿಷಯ ಇನ್ನೂ ಹುಷಾರು. ಕೆಲವು ಮೂಲಿಕೆಗಳು ಅವರು ತಗೊಳ್ಳುವ ಔಷಧಿಯ ಕೆಲಸ ಕೆಡಿಸುತ್ತವೆ. ಡಾಕ್ಟರನ್ನು ಕೇಳದೆ ಬೇಡ. ಹಾಗೇ, ಮಾತ್ರೆ ನಿಲ್ಲಿಸಿ ಅಂತ ಈ ಸಭೆಯಲ್ಲಿ ಯಾರೂ ಯಾರಿಗೂ ಹೇಳಬಾರದು. ಹೇಳಿದ್ದು ಕೇಳಿಬಂದರೆ ನಾನೇ ಬಂದು ಮಾತಾಡ್ತೀನಿ.

ಸರಿ, ಏನು ಕೊಡಬೇಕು? ಕೇಳಿ. ಮಾರ್ಕ 10:51ರಲ್ಲಿ ಬಾರ್ತಿಮಾಯ ಕುರುಡ ಅಂತ ಯೆರಿಕೋವಿಗೆಲ್ಲಾ ಗೊತ್ತು. ಆದರೂ ಯೇಸು ಸ್ವಾಮಿ ಅವನನ್ನು, ನಾನು ನಿನಗೆ ಏನು ಮಾಡಬೇಕು ಅಂತ ಕೇಳಿದರು. ಅವನ ಬಾಯಿಂದಲೇ ಬರಲಿ ಅಂತ ಬಿಟ್ಟರು.

ಆದರೆ ನಮ್ಮವರನ್ನು "ಏನು ಬೇಕು?" ಅಂತ ನೇರವಾಗಿ ಕೇಳಿದರೆ ಏನು ಹೇಳ್ತಾರೆ? "ಏನೂ ಬೇಡಪ್ಪಾ, ಪ್ರಾರ್ಥನೆ ಮಾಡಿ ಸಾಕು." ಎಲ್ಲಾ ಆಂಟಿಯರೂ ಇದನ್ನೇ ಹೇಳ್ತಾರೆ. ಆದ್ದರಿಂದ ಸ್ವಲ್ಪ ಬೇರೆ ಥರ ಕೇಳಬೇಕು. ದಿನದಲ್ಲಿ ಯಾವ ಹೊತ್ತು ತುಂಬಾ ಕಷ್ಟ ಆಂಟಿ? ಡಾಕ್ಟರ್ ಯಾವುದು ತಿನ್ನಬಾರದು ಅಂದಿದ್ದಾರೆ? ಮನೆಯಲ್ಲಿ ಯಾವ ಕೆಲಸ ಮುಂದಕ್ಕೆ ಹಾಕ್ತಾನೇ ಇದ್ದೀರಿ? ಅಥವಾ ಎರಡರಲ್ಲಿ ಒಂದು ಆರಿಸಿ ಅನ್ನಿ, ಶಾಲ್ ತರಲಾ, ಸಾಕ್ಸ್ ತರಲಾ? ಸರ್ಪ್ರೈಸ್ ಹಾಳಾಗುತ್ತೆ ಅಂತ ಚಿಂತೆ ಬೇಡ. ಸರ್ಪ್ರೈಸ್ ನಮ್ಮ ಖುಷಿಗೆ. ಪೌಲನು ಲಿಸ್ಟ್ ಬರೆದು ಕಳಿಸಿದ, ತಿಮೊಥೆಯನ ಪ್ರೀತಿಗೆ ಅದರಿಂದ ಏನೂ ಕೊರತೆ ಆಗಲಿಲ್ಲ.

ನಾನು ಈ ವಾರ ಕೆಲವರನ್ನು ಕೇಳಿ ತಿಳಿದುಕೊಂಡದ್ದನ್ನು ಹೇಳ್ತೀನಿ. ಬರ್ಕೊಳ್ಳೋರು ಬರ್ಕೊಳ್ಳಿ.

ಡಯಾಲಿಸಿಸ್‌ಗೆ ಹೋಗುವವರ ವಿಷಯ ಹೇಳಿಯಾಯಿತು. ಇನ್ನೊಂದು ಸೇರಿಸ್ತೀನಿ. ಅವರ ಒಂದು ಕೈಯಲ್ಲಿ ಫಿಸ್ಟುಲಾ ಅಂತ ಮಾಡಿರ್ತಾರೆ, ಸೂಜಿ ಹಾಕುವ ರಕ್ತನಾಳ. ಆ ಕೈಗೆ ಬಿಗಿಯಾದ್ದು ಏನೂ ಹಾಕಬಾರದು. ವಾಚ್, ಬಳೆ, ಬ್ರೇಸ್ಲೆಟ್ ಕೊಡುವ ಮುಂಚೆ ಯಾವ ಕೈ ಅಂತ ತಿಳ್ಕೊಳ್ಳಿ. ಸ್ವೆಟರ್ ಕೊಡೋದಾದರೆ ತಲೆಯಿಂದ ಹಾಕುವಂಥದ್ದು ಬೇಡ, ಮುಂದೆ ಜಿಪ್ ಇದ್ದು ತೋಳು ಸಡಿಲವಾಗಿ ಮೇಲೆ ಸರಿಯುವಂಥದ್ದು. ನಾಲ್ಕು ಗಂಟೆ ಮಲಗಿರುವವರಿಗೆ ಒಳ್ಳೆ ಇಯರ್‌ಫೋನ್ ಎಷ್ಟು ಉಪಕಾರ ಅಂತ ಆ ಅಕ್ಕನನ್ನೇ ಕೇಳಿ. ಕೀರ್ತನೆ ಕೇಳ್ತಾರೆ, ಹಳೇ ಸಿನಿಮಾ ಹಾಡೂ ಕೇಳ್ತಾರೆ, ನನಗೆ ಹೇಳಿದ್ದಾರೆ.

ರುಮಟಾಯ್ಡ್ ಆರ್ಥ್ರೈಟಿಸ್ ಇರುವ ಒಬ್ಬ ಸಿಸ್ಟರ್ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಅವರ ಬೆರಳು ಮಡಚೋದಿಲ್ಲ. "ಪಾಸ್ಟರ್, ಗಿಫ್ಟ್‌ಗಿಂತ ಗಿಫ್ಟ್ ಮೇಲಿನ ಸೆಲ್ಲೋಟೇಪ್ ನನಗೆ ದೊಡ್ಡ ಶತ್ರು" ಅಂದರು. ನಾವು ನಾಲ್ಕು ಸುತ್ತು ಟೇಪ್ ಹಾಕ್ತೀವಿ, ಎಲ್ಲರ ಮುಂದೆ ಓಪನ್ ಮಾಡಿ ಅಂತ ಕೂಗ್ತೀವಿ, ಅವರು ಉಗುರಲ್ಲಿ ಕೀಳ್ತಾ ಕೂತಿರ್ತಾರೆ. ಅಂಥವರಿಗೆ ಬಟ್ಟೆ ಚೀಲದಲ್ಲಿ ಹಾಕಿ ಕೊಡಿ. ಭಾರದ ಸೆರಾಮಿಕ್ ಮಗ್ ಬೇಡ, ಹಗುರ ಲೋಟ. ಸಣ್ಣ ಗುಂಡಿಯ ಕುರ್ತಾ ಬೇಡ. ಮುಚ್ಚಳ ಬಿಗಿಯಾದ ಉಪ್ಪಿನಕಾಯಿ ಬಾಟಲಿ ಕೊಟ್ಟರೆ ಅದು ಹಾಗೇ ಶೆಲ್ಫ್‌ನಲ್ಲಿ ಇರುತ್ತೆ. ಅವರಿಗೆ ಕಳೆದ ವರ್ಷ ಸಿಕ್ಕ ಅತ್ಯುತ್ತಮ ಗಿಫ್ಟ್ ಯಾವುದು ಗೊತ್ತಾ? ಪಕ್ಕದ ಮನೆಯವರು ಅರ್ಧ ಕೆಜಿ ಬೆಳ್ಳುಳ್ಳಿ ಸುಲಿದು, ಎರಡು ತೆಂಗಿನಕಾಯಿ ತುರಿದು ಡಬ್ಬಕ್ಕೆ ಹಾಕಿ ಕೊಟ್ಟರಂತೆ. ಹೇಳುವಾಗ ಕಣ್ಣಲ್ಲಿ ನೀರಿತ್ತು.

ನಾವೆಲ್ಲಾ ಕಣ್ಣುಮುಚ್ಚಿ ಕೊಡುವ ಗಿಫ್ಟ್ ಯಾವುದು? ಸುವಾಸನೆಯ ಕ್ಯಾಂಡಲ್. ಆಸ್ತಮಾ ಇರುವವರಿಗೆ, ಮೈಗ್ರೇನ್ ಇರುವವರಿಗೆ ಅದೇ ವಿಷ. ಪರ್ಫ್ಯೂಮ್, ರೂಮ್ ಫ್ರೆಶ್ನರ್ ಕೂಡ ಹಾಗೇ. ಕೀಮೋ ತಗೊಳ್ಳುವವರಿಗೂ ವಾಸನೆಯಿಂದ ವಾಂತಿ ಬರಬಹುದು.

ಟೈಪ್ 1 ಡಯಾಬಿಟಿಸ್ ಇರುವ ಒಬ್ಬ ಕಾಲೇಜ್ ಹುಡುಗ ನಮ್ಮಲ್ಲಿ ಇದ್ದಾನೆ. ಪ್ರತಿ ವರ್ಷ ಅವನಿಗೆ "ಶುಗರ್ ಫ್ರೀ" ಅಂತ ಬರೆದ ಡಬ್ಬ ಬರುತ್ತೆ, ಎಲ್ಲರೂ ಕೇಕ್ ತಿನ್ನುವಾಗ ಅವನು ಅದನ್ನು ಹಿಡ್ಕೊಂಡು ಕೂತಿರ್ತಾನೆ. ಅವನು ಹೇಳಿದ್ದು: "ಅಂಕಲ್, ನಾನು ಲೆಕ್ಕ ಹಾಕಿ ಇನ್ಸುಲಿನ್ ತಗೊಂಡು ಒಂದು ಪೀಸ್ ಪ್ಲಮ್ ಕೇಕ್ ತಿನ್ನಬಹುದು. ಯಾರೂ ಕೇಳಲ್ಲ, ಪ್ಲೇಟ್ ಕಿತ್ಕೊಳ್ತಾರೆ." ಅವನಿಗೆ ನಿಜವಾಗಿ ಬೇಕಾದದ್ದು ಇನ್ಸುಲಿನ್ ತಂಪಾಗಿಡುವ ಸಣ್ಣ ಪೌಚ್. ಓಪನ್ ಮಾಡದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಕ್ಯಾಂಪ್‌ಗೆ, ಊರಿಗೆ ಬಸ್ಸಲ್ಲಿ ಹೋಗುವಾಗ ಅದೇ ಅವನ ತಲೆನೋವು.

ಸಿಕಲ್ ಸೆಲ್ ಅಂತ ಒಂದು ರಕ್ತದ ಕಾಯಿಲೆ ಇದೆ, ಹುಟ್ಟಿನಿಂದ ಬರುವಂಥದ್ದು. ನಮ್ಮ ರಾಜ್ಯದಲ್ಲಿ ಹೆಗ್ಗಡದೇವನಕೋಟೆ, ಚಾಮರಾಜನಗರ ಕಡೆಯ ಆದಿವಾಸಿ ಕುಟುಂಬಗಳಲ್ಲಿ ಕಂಡುಬರುತ್ತೆ. ಅಲ್ಲಿಂದ ಬಂದು ಇಲ್ಲಿ ಹಾಸ್ಟೆಲ್‌ನಲ್ಲಿ ಓದುವವರು ಇದ್ದಾರೆ. ಚಳಿ ಹತ್ತಿದರೆ, ಮೈಯಲ್ಲಿ ನೀರು ಕಡಿಮೆಯಾದರೆ ಅವರಿಗೆ ವಿಪರೀತ ನೋವು ಶುರುವಾಗಬಹುದು. ಕ್ಯಾರಲ್ ರೌಂಡ್ಸ್‌ಗೆ ರಾತ್ರಿ ಬೈಕ್‌ನಲ್ಲಿ ಹಿಂದೆ ಕೂರಿಸ್ಕೊಂಡು ಹೋಗೋದಾದರೆ ಅವರಿಗೆ ಜಾಕೆಟ್, ಮಫ್ಲರ್, ನೀರಿನ ಬಾಟಲಿ. ಇನ್ನೂ ಒಳ್ಳೆಯದು, ಕಾರಿನ ಸೀಟು.

ಲೂಪಸ್ ಅಂತ ಇನ್ನೊಂದು. ಬಿಸಿಲು ತಾಗಿದರೆ ಕಾಯಿಲೆ ಜೋರಾಗುತ್ತೆ, ಅದಕ್ಕಿಂತ ಹೆಚ್ಚಾಗಿ ಸುಸ್ತು. ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಅಮೆರಿಕದಲ್ಲಿ ಲೂಪಸ್ ಇರುವ ಕ್ರಿಸ್ಟೀನ್ ಮಿಸೆರಾಂಡಿನೋ ಎಂಬವರು 2003ರಲ್ಲಿ ಇದನ್ನು ವಿವರಿಸಿ ಒಂದು ಲೇಖನ ಬರೆದರು, "ಸ್ಪೂನ್ ಥಿಯರಿ" ಅಂತ ಹೆಸರು, ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಹೋಟೆಲಿನಲ್ಲಿ ಸ್ನೇಹಿತೆ ಕೇಳಿದಳಂತೆ, ಈ ಕಾಯಿಲೆಯಲ್ಲಿ ಬದುಕೋದು ಹೇಗಿರುತ್ತೆ ಅಂತ. ಇವರು ಟೇಬಲ್ ಮೇಲಿದ್ದ ಚಮಚಗಳನ್ನೆಲ್ಲಾ ಕೂಡಿಸಿ ಅವಳ ಕೈಗೆ ಕೊಟ್ಟರು. ಇದು ನಿನ್ನ ಇವತ್ತಿನ ಶಕ್ತಿ. ಎದ್ದು ರೆಡಿಯಾಗೋದಕ್ಕೆ ಒಂದು ಚಮಚ, ಸ್ನಾನಕ್ಕೆ ಒಂದು, ಕೆಲಸಕ್ಕೆ ಹೋಗೋದಕ್ಕೆ ಒಂದು. ಮುಗಿದರೆ ಮುಗೀತು. ಆರೋಗ್ಯವಾಗಿರುವವರಿಗೆ ಚಮಚದ ಲೆಕ್ಕವೇ ಇರಲ್ಲ.

ಇದನ್ನು ಕೇಳಿದ ಮೇಲೆ ನಾನು ಗಿಫ್ಟ್‌ಗಳನ್ನು ಬೇರೆ ಥರ ನೋಡೋಕೆ ಶುರುಮಾಡಿದೆ. ಈ ಗಿಫ್ಟ್ ಅವರ ಚಮಚ ಉಳಿಸುತ್ತಾ, ಖರ್ಚು ಮಾಡಿಸುತ್ತಾ? ದಿನಾ ನೀರು ಹಾಕಬೇಕಾದ ಗಿಡ, ಒರೆಸಿಡಬೇಕಾದ ಶೋಪೀಸ್, "ಭಾನುವಾರ ನಮ್ಮನೆಗೆ ಊಟಕ್ಕೆ ಬರಲೇಬೇಕು" ಅನ್ನುವ ಒತ್ತಾಯ, ಇವೆಲ್ಲಾ ಖರ್ಚು. ಊಟ ಕಟ್ಟಿಕೊಂಡು ಹೋಗಿ, ಡಬ್ಬ ವಾಪಸ್ ಬೇಡ ಅಂದು, ಹತ್ತು ನಿಮಿಷದಲ್ಲಿ ಎದ್ದು ಬಂದರೆ ಉಳಿತಾಯ. ಒಂದನೇ ಅರಸು 19ರಲ್ಲಿ ಎಲೀಯನು ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತನು ರೊಟ್ಟಿ ನೀರು ಇಟ್ಟ, ತಿಂದವನನ್ನು ಮತ್ತೆ ಮಲಗೋಕೆ ಬಿಟ್ಟ, ಮತ್ತೆ ಬಂದು ಊಟಕ್ಕೆ ಎಬ್ಬಿಸಿದ. ಪ್ರಶ್ನೆ ಕೇಳಿದ್ದು ಆಮೇಲೆ, ಹೋರೇಬಿನಲ್ಲಿ.

ಇನ್ನು ದುಡ್ಡಿನ ವಿಷಯ. ನಿಮ್ಮಲ್ಲಿ ಅರ್ಧ ಜನ ಸ್ಟೂಡೆಂಟ್ಸ್, ಚೀಟಿಯ ಮಿತಿ 300 ರೂಪಾಯಿ. ಇಷ್ಟರಲ್ಲಿ ಏನು ಬರುತ್ತೆ ಅಂತ ಬೇಜಾರು ಬೇಡ. ಐಟಿಯಲ್ಲಿರೋರಿಗೆ ಹೇಳ್ತೀನಿ, ಬಹುಕಾಲದ ಕಾಯಿಲೆ ಇರುವ ಮನೆಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತೆ, ಅದರ ತುಂಬಾ ಬಿಲ್, ರಿಪೋರ್ಟ್, ಸ್ಕ್ಯಾನ್. ಒಂದು ಶನಿವಾರ ಮಧ್ಯಾಹ್ನ ಹೋಗಿ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ಸ್ಕ್ಯಾನ್ ಮಾಡಿ, ಇನ್ಶೂರೆನ್ಸ್ ಕ್ಲೇಮ್ ಅಪ್‌ಲೋಡ್ ಮಾಡಿಕೊಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಲ್ಲ ಅಂದರೆ ಜೊತೆಗೆ ಹೋಗಿ ಮಾಡಿಸಿ. ಅವರ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತಾ ಅಂತ ಡಾಕ್ಟರನ್ನು ಕೇಳಿ ನೋಡಿ. 300 ರೂಪಾಯಿಯನ್ನು ಒಂದು ದಿನದ ಆಟೋ ಖರ್ಚಿಗೆ ಕೊಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡ್‌ನವರಿಗೆ ಡಯಾಲಿಸಿಸ್ ಉಚಿತ ಇದೆ, 2016ರಿಂದ ಕೇಂದ್ರದ ಯೋಜನೆ ಇದೆ. ಆದರೆ ಮನೆಯಿಂದ ಅಲ್ಲಿಗೆ, ಅಲ್ಲಿಂದ ಮನೆಗೆ, ವಾರಕ್ಕೆ ಎರಡು ಮೂರು ಸಲ ಹೋಗಿ ಬರೋದು ಉಚಿತ ಇಲ್ಲ.

ಇಷ್ಟೆಲ್ಲಾ ಹೇಳಿ ನಾನೇ ಒಂದು ತಡೆ ಹಾಕಬೇಕು. ಪೌಲನು ಮೇಲಂಗಿಯ ಜೊತೆ ಪುಸ್ತಕಗಳನ್ನೂ ಕೇಳಿದ. ಚರ್ಮದ ಕಾಗದಗಳನ್ನು ಮುಖ್ಯವಾಗಿ ಅಂದ. ಮೈಗೆ ಚಳಿ ಇತ್ತು, ತಲೆ ಇನ್ನೂ ಕೆಲಸ ಮಾಡ್ತಿತ್ತು. ಆ ಡಯಾಲಿಸಿಸ್ ಅಕ್ಕನಿಗೆ ನನ್ನ ತಪ್ಪು ಗೊತ್ತಾದ ಮೇಲೆ ನಾವೆಲ್ಲಾ ಸೇರಿ ವರ್ಷಾವರ್ಷ ಶಾಲ್, ಸಾಕ್ಸ್, ಕಂಬಳಿ ಕೊಡೋಕೆ ಶುರುಮಾಡಿದೆವು. ಮೂರನೇ ವರ್ಷ ಅವರು ನಗ್ತಾನೇ ಹೇಳಿದರು, "ಪಾಸ್ಟರ್, ನನ್ನ ಹತ್ತಿರ ಈಗ ಅಂಗಡಿ ಇಡುವಷ್ಟು ಕಂಬಳಿ ಇದೆ. ನಾನು ಕಿಡ್ನಿ ಮಾತ್ರ ಅಲ್ಲ." ಅವರು ಮದುವೆಗೆ ಮುಂಚೆ ಕ್ರೋಶಾ ಹಾಕ್ತಿದ್ದರಂತೆ, ನಮಗ್ಯಾರಿಗೂ ಗೊತ್ತಿರಲಿಲ್ಲ. ಎಷ್ಟೋ ವರ್ಷದಿಂದ ಸಭೆಗೆ ಬರ್ತಿರುವ ಹೆಣ್ಣುಮಗಳ ಬಗ್ಗೆ ನಮಗೆ ಅವರ ಕ್ರಿಯಾಟಿನಿನ್ ಎಷ್ಟು ಅಂತ ಗೊತ್ತಿತ್ತು, ಕೈಯಲ್ಲಿ ಏನು ಕಲೆ ಇದೆ ಅಂತ ಗೊತ್ತಿರಲಿಲ್ಲ. ಆ ವರ್ಷ ನೂಲಿನ ಉಂಡೆಗಳು, ಎರಡು ಸೂಜಿ ಕೊಟ್ಟೆವು. ಈಗ ನೀವು ಕಮ್ಯೂನಿಯನ್ ಟೇಬಲ್ ಮೇಲೆ ನೋಡ್ತಿರುವ ಬಿಳಿ ಬಟ್ಟೆಯ ಅಂಚು ಯಾರದ್ದು ಅಂದ್ಕೊಂಡಿದ್ದೀರಿ? ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಮನೆಯಲ್ಲಿ ಕೂತು ಹಾಕಿದ್ದು.

ಹಾಗಾಗಿ ಚೀಟಿಯಲ್ಲಿ ಬಂದವರು ಕಾಯಿಲೆಗೆ ಮುಂಚೆ ಏನು ಮಾಡ್ತಿದ್ದರು, ಈಗಲೂ ಏನು ಇಷ್ಟ ಅಂತ ವಿಚಾರಿಸಿ. ಗಿಟಾರ್ ತಂತಿ ಇರಬಹುದು, ಕ್ರಿಕೆಟ್ ಇರಬಹುದು, ಕನ್ನಡ ಕಾದಂಬರಿ ಇರಬಹುದು. ಕಣ್ಣು ಮಂಜಾದವರಿಗೆ ಪುಸ್ತಕ ಕೊಟ್ಟು ಬರಬೇಡಿ, ನೀವೇ ಓದಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ.

ಕರ್ಪನ ಬಗ್ಗೆ ಒಂದು ಮಾತು. ಸತ್ಯವೇದದಲ್ಲಿ ಅವನ ಹೆಸರು ಇಲ್ಲಿ ಒಂದೇ ಸಲ ಬರೋದು. ಅವನು ಪ್ರಸಂಗ ಮಾಡಿದನಾ, ಅದ್ಭುತ ಮಾಡಿದನಾ, ಏನೂ ಬರೆದಿಲ್ಲ. ಬೇರೆಯವನ ಮೇಲಂಗಿ ಅವನ ಮನೆಯಲ್ಲಿ ಇತ್ತು, ಅಷ್ಟೇ. ನಮ್ಮ ಸಭೆಯಲ್ಲೂ ಕರ್ಪರಿದ್ದಾರೆ. ಮಾತ್ರೆಯ ಡಬ್ಬಕ್ಕೆ ಪ್ರತಿ ಭಾನುವಾರ ಮಾತ್ರೆ ತುಂಬುವ ಗಂಡ, ಆಸ್ಪತ್ರೆ ಕಾರಿಡಾರ್‌ನಲ್ಲಿ ಕಬ್ಬಿಣದ ಕುರ್ಚಿ ಮೇಲೆ ನಾಲ್ಕು ಗಂಟೆ ಕೂರುವ ಮಗಳು. ಎಲ್ಲರೂ ಅವರನ್ನು ಕೇಳೋದು "ಅಮ್ಮ ಹೇಗಿದ್ದಾರೆ?" ಅಂತ. ಆ ಮಗಳಿಗೆ ಒಂದು ಗಿಫ್ಟ್ ಕೊಡಿ, ಅವಳ ಹೆಸರು ಬರೆದು. ಅಥವಾ ಒಂದು ದಿನ ಆ ಕುರ್ಚಿ ಮೇಲೆ ನೀವು ಕೂತು ಅವಳನ್ನು ಮನೆಗೆ ಕಳಿಸಿ, ಮಲಗಲಿ.

ಫೋಟೋ ಬೇಡ. ಗಿಫ್ಟ್ ಕೊಡೋದನ್ನು ಸ್ಟೇಟಸ್ ಹಾಕಬೇಡಿ. ಆಫೀಸಿನಲ್ಲಿ, ಹುಡುಗನ ಕಡೆಯವರಿಗೆ, ಬಾಡಿಗೆ ಮನೆ ಓನರ್‌ಗೆ ಎಲ್ಲರಿಗೂ ತಮ್ಮ ಕಾಯಿಲೆ ಗೊತ್ತಾಗಲಿ ಅಂತ ಅವರಿಗೆ ಇಷ್ಟ ಇರೋದಿಲ್ಲ. ನಿಮಗೆ ಹೇಳಿದ್ದು ನಿಮ್ಮ ಮೇಲಿನ ನಂಬಿಕೆಯಿಂದ.

ಕೊನೆಗೆ ಕ್ಯಾರಲ್ ರೌಂಡ್ಸ್ ಬಗ್ಗೆ, ಇದನ್ನು ಲೀಡರ್ಸ್ ಗಮನಿಸಿ. ಹೋದ ವರ್ಷ ರಾತ್ರಿ ಒಂದೂವರೆಗೆ ಮೂವತ್ತು ಜನ ಡ್ರಮ್ ಬಾರಿಸಿಕೊಂಡು ಒಬ್ಬ ಕಾಯಿಲೆಯ ಅಂಕಲ್ ಮನೆಗೆ ಹೋಗಿದ್ದಿರಿ. ಅವರು ಎದ್ದು ಬಂದರು, ಕಾಣಿಕೆ ಕೊಟ್ಟರು, ಟೀ ಮಾಡಿಸಿದರು. ಆಮೇಲೆ ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ, ಇದು ನಿಮಗೆ ಗೊತ್ತಿಲ್ಲ. ಈ ವರ್ಷ ಅಂಥ ಮನೆಗಳನ್ನು ಲಿಸ್ಟ್‌ನಲ್ಲಿ ಮೊದಲು ಇಟ್ಟುಕೊಳ್ಳಿ, ಸಂಜೆ ಆರರಿಂದ ಏಳೂವರೆ ಒಳಗೆ. ಮುಂಚೆ ಫೋನ್ ಮಾಡಿ ಕೇಳಿ. ನಾಲ್ಕೈದು ಜನ ಒಳಗೆ, ಉಳಿದವರು ಗೇಟ್ ಹತ್ತಿರ. ಶೀತ, ಕೆಮ್ಮು ಇರುವವರು ಒಳಗೆ ಹೋಗಲೇಬೇಡಿ, ಟ್ರಾನ್ಸ್‌ಪ್ಲಾಂಟ್ ಆದವರಿಗೆ, ಕೀಮೋದಲ್ಲಿ ಇರುವವರಿಗೆ ನಿಮ್ಮ ಸಣ್ಣ ಕೆಮ್ಮು ದೊಡ್ಡ ಅಪಾಯ. ಡ್ರಮ್ ಬೇಡ, ಒಂದು ಹಾಡು ಸಾಕು.

ಪೌಲನು ಆ ಅಧ್ಯಾಯದಲ್ಲಿ ಎರಡು ಸಲ ತಿಮೊಥೆಯನಿಗೆ ನೀನು ಬಾ ಅಂತ ಬರೀತಾನೆ, 9ನೇ ವಚನದಲ್ಲಿ ಒಮ್ಮೆ, 21ನೇ ವಚನದಲ್ಲಿ ಇನ್ನೊಮ್ಮೆ. ಮೇಲಂಗಿಯನ್ನು ಯಾರ ಕೈಯಲ್ಲಾದರೂ ಕಳಿಸು ಅಂತ ಬರೆಯಬಹುದಿತ್ತು. ನಮ್ಮ ಗಿಫ್ಟ್‌ಗಳೆಲ್ಲಾ ಡಿಸೆಂಬರ್ 25ರೊಳಗೆ ತಲುಪಿಬಿಡುತ್ತವೆ, ಫೆಬ್ರವರಿಯಲ್ಲಿ ಆ ಮನೆಗೆ ಯಾರೂ ಹೋಗಲ್ಲ. ಹಾಗಾಗಿ ಈ ವರ್ಷ ಒಂದು ಹೊಸ ನಿಯಮ. ಚೀಟಿಯಲ್ಲಿ ಅಂಥವರ ಹೆಸರು ಬಂದಿರುವವರು 300 ರೂಪಾಯಿಯನ್ನು ಎರಡು ಭಾಗ ಮಾಡಿ. ಒಂದು ಭಾಗ ಕ್ರಿಸ್‌ಮಸ್‌ಗೆ. ಇನ್ನೊಂದು ಭಾಗ ಹೋಗಿ ಬರುವ ಬಸ್ಸಿಗೆ, ಮೆಟ್ರೋಗೆ, ಫೆಬ್ರವರಿ ಎರಡನೇ ಶನಿವಾರಕ್ಕೆ. ಕ್ಯಾಲೆಂಡರ್‌ನಲ್ಲಿ ಈಗಲೇ ಹಾಕಿ, ನಾನು ಕಾಯ್ತೀನಿ.

ಹಾಕಿದ್ರಾ? ಸರಿ. ಚೀಟಿ ಬದಲಾಯಿಸ್ಕೋಬಹುದಾ ಅಂತ ಕೇಳಿದವರು ಮೀಟಿಂಗ್ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ, ಅವರ ಮನೆಗೆ ಇಬ್ಬರೂ ಸೇರಿ ಫೋನ್ ಮಾಡೋಣ.

ಪ್ರಾರ್ಥನೆಗೆ ಎದ್ದು ನಿಲ್ಲೋಣ. ನಿಲ್ಲೋದಕ್ಕೆ ಕಷ್ಟ ಇರುವವರು ಕೂತ್ಕೊಂಡೇ ಇರಿ.